ಬೋಣಿಗೆಯಲ್ಲಿ ಸಿಕ್ಕ ಯುರೋಪು

ನಮ್ಮ ಮನೆಯ ಸಾರಿಗೆ ಒಗ್ಗರಣೆ ಸಿಡಿಯುವುದು ಗ್ರೀಕರ ಕಾಫಿ ಪಾತ್ರೆಯಲ್ಲಿ. ಅಂಗೈಯಷ್ಟು ಹಿತ್ತಾಳೆ ಬಟ್ಟಲು, ಗೇಣುದ್ದದ ಹಿಡಿ. ಈ ಬೆಳಿಗ್ಗೆ ಅದನ್ನು ಒಲೆಯ ಮೇಲಿಟ್ಟಾಗಲೇ ಫೋನು ಬಂತು. ಸಾಸಿವೆ ಸೀದು, ಕೆನಡಾದ ಪಿಕರಿಂಗಿನ ನಮ್ಮ ಮನೆಯ ಹೊಗೆ ಅಲಾರಂ ಬಾಯಿಬಿಟ್ಟಿತು. ನನಗೆ ಸುಶೀಲತ್ತೆ ನೆನಪಾದಳು. ನೀವು ನಗಬಹುದು, ಅತ್ತೆಯ ದನಿಯೂ ಹೆಚ್ಚುಕಡಿಮೆ ಹಾಗೇ.

ಅತ್ತೆ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದಾಗ, ಹಿಂತಿರುಗುವ ದಾರಿಯಲ್ಲಿ ಯುರೋಪು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ವೀಸಾ ಅರ್ಜಿಯಲ್ಲಿ ಅವಳ ಹುಟ್ಟಿದ ದಿನದ ಜಾಗದಲ್ಲಿ ನನ್ನದನ್ನು ತುಂಬಿದ ಪುಣ್ಯಾತ್ಮನೂ ನಾನೇ. ವೀಸಾ ಸಿಗಲಿಲ್ಲ. ಅತ್ತೆಗೆ ಯುರೋಪಿಗಿಂತ ನೆಗೆಣ್ಣಿ ಶಾಂತಕ್ಕನ ಚಿಂತೆ. ಶಾಂತಕ್ಕ ಟೂರಿನವರ ಜೊತೆ ಯುರೋಪು ಸುತ್ತಿ, ಗೋಪುರ ಗೋಪುರದ ಮುಂದೆ ನಿಂತ ಫೋಟೋಗಳಿಂದ ಇಡೀ ಬಳಗದ ವಾಟ್ಸಾಪು ತುಂಬಿಸಿದ್ದಳು.

"ಒಂದ ಫೋಟೋ ಸಾಕಪಾ, ಅಕಿ ಬಾಯಿ ಮುಚ್ಚಸಾಕ," ಎಂದಳು ಅತ್ತೆ.

ನನಗೆ ಟೊರಾಂಟೋದ ಡ್ಯಾನ್‌ಫೋರ್ತ್ ಬೀದಿ ಹೊಳೆಯಿತು. ಗ್ರೀಕರ ಪೇಟೆ. ಬೀದಿಯ ಫಲಕದಲ್ಲೂ ಗ್ರೀಕ್ ಅಕ್ಷರ. ಅದರ ಕೆಳಗೆ ನಿಂತರೆ ಅದು ಯುರೋಪಲ್ಲವೆಂದು ಶಾಂತಕ್ಕನಿಗೆ ಯಾರು ಹೇಳಬೇಕು? ಜನಸಂದಣಿ ಬೇಡವೆಂದು ಅಂಗಡಿ ತೆರೆಯುವ ಹೊತ್ತಿಗೇ ಹೋದೆವು. ಅದು ನನ್ನ ಎರಡನೆಯ ಬುದ್ಧಿವಂತಿಕೆ.

ಮೊದಲು ಹೊಕ್ಕಿದ್ದು ಪಾತ್ರೆಯ ಅಂಗಡಿ. ಮುದುಕಿಯೊಬ್ಬಳು ಆಗಷ್ಟೇ ದೀಪ ಹಾಕುತ್ತಿದ್ದಳು. ಸುಮ್ಮನೆ ನೋಡಲು ಬಂದೆವೆಂದು ಹೇಳಿ ನಾನು ಹೊರಟೆ. ಅತ್ತೆ ಕದಲಲಿಲ್ಲ.

"ಅಕಿಗೆ ಇನ್ನೂ ಬೋಣಿಗಿ ಆಗಿಲ್ಲ. ದಿನದ ಮೊದಲನೇ ಗಿರಾಕಿ ಬರಿಗೈಲೆ ಹೋದ್ರ ಸಂಜಿತನಕಾ ನೊಣಾ ಹೊಡಕೋತ ಕೂಡಬೇಕಾಗತೈತಿ. ಮನಷ್ಯಾ ಅದೀಯೋ ಇಲ್ಲೋ?"

"ಅತ್ತೀ, ಈ ದೇಶದಾಗ ಅದೆಲ್ಲಾ ಇಲ್ಲ."

"ಅಂಗಡಿ ಐತಿಲ್ಲೋ? ಅಂದ್ರ ಬೋಣಿಗಿನೂ ಐತಿ."

ಹಾಗೆ ಈ ಪಾತ್ರೆ ನಮ್ಮದಾಯಿತು. ಒಗ್ಗರಣೆಗೆ ಹೇಳಿ ಮಾಡಿಸಿದ್ದು ಎಂದಳು ಅತ್ತೆ. ಕೊಟ್ಟ ನೋಟನ್ನು ಮುದುಕಿ ಗಲ್ಲಕ್ಕೆ ಒತ್ತಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಪೆಟ್ಟಿಗೆಗೆ ಹಾಕಿದಳು. ಕೇಳಿದರೆ, ಅವಳ ಊರಿನಲ್ಲೂ ಮೊದಲ ವ್ಯಾಪಾರಕ್ಕೆ ಹೀಗೇ ಮಾಡುತ್ತಾರಂತೆ. ಅತ್ತೆ ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಿಗೆ ಚುಚ್ಚುತ್ತದೆ.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಮುಂದಿನ ಅಂಗಡಿಯಲ್ಲೂ ನಾವೇ ಮೊದಲು, ಅದರ ಮುಂದಿನದರಲ್ಲೂ. ಆಲಿವ್ ಸಾಬೂನು, ಆಳೆತ್ತರದ ಮೇಣದಬತ್ತಿ, ಮೀನು ಹಿಡಿಯುವವರ ಟೋಪಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ನಾಯಿಯ ಕೊರಳಿಗೆ ಕಟ್ಟುವ ಕೆಂಪು ಪಟ್ಟಿ. ನಮಗೆ ನಾಯಿ ಇಲ್ಲ.

ಮಧ್ಯಾಹ್ನ ಚೀಲಗಳನ್ನು ಹೊತ್ತು ಫಲಕದ ಕಡೆ ಬರುವಾಗ ಪಾತ್ರೆಯ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದುಕಿ ಗಿರಾಕಿಗಳನ್ನು ಬಿಟ್ಟು ಓಡಿಬಂದು ಅತ್ತೆಯನ್ನು ಬೀದಿಯಲ್ಲೇ ಅಪ್ಪಿಕೊಂಡಳು. ನಾನು ಫೋಟೋ ತೆಗೆದೆ.

"ಇದನ್ನ ಕಳಸು."

"ಹಿಂದ ಕೆನಡಾದ ಬಾವುಟ ಕಾಣತೈತಲ್ಲ ಅತ್ತೀ. ಶಾಂತಕ್ಕಗ ಗೊತ್ತಾಗತೈತಿ."

"ಆಗ್ಲಿ ಬಿಡು. ಇಷ್ಟ ಛಲೋ ಬೋಣಿಗಿ ಆದ ದಿನಾ ಸುಳ್ಳ ಹೇಳ್ಲೇನು?"

ಶಾಂತಕ್ಕನಿಂದ ಉತ್ತರವೇ ಬರಲಿಲ್ಲ. ಬಂದದ್ದು ಈ ಬೆಳಿಗ್ಗೆ, ಸಾಸಿವೆ ಸೀಯಿಸಿದ ಆ ಫೋನಿನಲ್ಲಿ. ಇಲ್ಲೇ ಹತ್ತಿರದ ವಿಟ್ಬಿಯಲ್ಲಿರುವ ತನ್ನ ಮಗಳ ಮನೆಗೆ ಬಂದಿದ್ದಾಳಂತೆ.

"ತಮ್ಮಾ, ನಮ್ಮನ್ನ ಬಸ್ಸಿಂದ ಇಳಸಿದ್ದು ಫೋಟೋಕ್ಕಷ್ಟ. ಇಡೀ ಯುರೋಪಿನ್ಯಾಗ ಒಬ್ಬರೂ ಮಾತಾಡಸಲಿಲ್ಲ. ಸುಶೀಲಾನ್ನ ಅಪ್ಪಿಕೊಂಡಳಲ್ಲ, ಅಕಿ ಅಂಗಡಿ ತೋರಸು."

ನಾಳೆ ಹೋಗುತ್ತಿದ್ದೇವೆ. ಬಾಗಿಲು ತೆಗೆಯುವ ಮೊದಲೇ ಅಲ್ಲಿರಬೇಕೆಂದು ನಾನೇ ಹೇಳಿದ್ದೇನೆ. ಆ ನಾಯಿಪಟ್ಟಿಯನ್ನು ವಾಪಸು ತೆಗೆದುಕೊಳ್ಳುತ್ತಾರೋ ಕೇಳೋಣವೆಂದು ಚೀಲಕ್ಕೂ ಹಾಕಿದ್ದೆ. ಮತ್ತೆ ತೆಗೆದಿಟ್ಟೆ. ಬೋಣಿಗೆಯ ಹೊತ್ತಿನಲ್ಲಿ ಕೇಳುವ ಮಾತೇ ಅದು?