ನನ್ನ ಭುಜದ ಹಾಳೆ

ಮಾದನಹಿಪ್ಪರಗಾದ ನಮ್ಮ ಓಣಿಯಲ್ಲಿ ಔಷಧವನ್ನೂ ಹಂಚಿಕೊಳ್ಳುತ್ತೇವೆ. ಒಬ್ಬರ ಮೊಣಕಾಲಿಗೆ ಗುಣ ಕೊಟ್ಟ ಎಣ್ಣೆ ಮರುದಿನವೇ ನಾಲ್ಕು ಮನೆಗಳಲ್ಲಿ ನಾರುತ್ತದೆ. ಅಂಥದ್ದರಲ್ಲಿ ನನ್ನ ಬಲಭುಜ ನೆಟ್ಟಗಾದ ಸುದ್ದಿ ಮುಚ್ಚಿಡಲಾದೀತೆ?

ಆರು ತಿಂಗಳು ನನಗೆ ಜಡೆ ಹಾಕಿಕೊಳ್ಳಲೂ ಆಗಿರಲಿಲ್ಲ. ಭುಜ ಬಿಗಿದುಹೋಗಿತ್ತು. ಆಳಂದದ ಫಿಸಿಯೋಥೆರಪಿ ಡಾಕ್ಟರಮ್ಮ ಕೈ ತಿರುಗಿಸಿ ನೋಡಿದರು. ಬರಿ ಮೇಜಿನ ಮೇಲೆ ರೊಟ್ಟಿ ಬಡಿದಂತೆ ಮಾಡಿ ತೋರಿಸಲು ಹೇಳಿದರು. ಆಮೇಲೆ ನನಗೆಂದೇ ಒಂದು ಹಾಳೆ ಬರೆದುಕೊಟ್ಟರು: ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬೆನ್ನ ಹಿಂದೆ ಟವೆಲ್ ಎಳೆಯುವುದು, ಸ್ವಲ್ಪ ನೋವಾದರೂ ಬಿಡಬಾರದು. ಬಿಡಲಿಲ್ಲ. ಕೈ ಎದ್ದಿತು, ಜೊತೆಗೆ ಜಂಬವೂ ಎದ್ದಿತು.

ಪಕ್ಕದ ಮನೆಯ ಆಪಾ ನನಗಿಂತ ಹಿರಿಯರು, ಬಟ್ಟೆ ಹೊಲಿಯುವವರು. ಮಾಳಿಗೆಯ ಮೆಟ್ಟಿಲಿಂದ ಜಾರಿ ಬಿದ್ದು ಅವರ ಭುಜ ನೋಯತೊಡಗಿತ್ತು. ಅವರು ಯಾರಿಗಾದರೂ ತೋರಿಸುವ ಮೊದಲೇ ನಾನು ನನ್ನ ಹಾಳೆ ಹಿಡಿದು ಓಡಿದೆ.

ಮೂರನೇ ದಿನ, "ಭಾಳ ನೋಯಾಕತ್ತದ ತಂಗಿ," ಎಂದರು.

"ನೋಯಲಿ ಬಿಡ್ರಿ ಆಪಾ, ನೋವಾದ್ರನ ಸಡ್ಲ ಆಗ್ತದ," ಎಂದೆ. ಅವರು ಹಲ್ಲು ಕಚ್ಚಿ ಟವೆಲ್ ಎಳೆದರು.

ಹತ್ತನೇ ದಿನ ಬಟ್ಟೆ ಕತ್ತರಿಸಲು ಕೂತರೆ ಬಲಗೈ ಏಳಲೇ ಇಲ್ಲ. ಎಡಗೈಯಿಂದ ಅದನ್ನೆತ್ತಿ ಬಟ್ಟೆಯ ಮೇಲಿಟ್ಟರು. ಜಾರಿ ಮಡಿಲಿಗೆ ಬಿತ್ತು. ಸಿಕ್ಕ ಬಸ್ಸಿಗೆ ಅವರನ್ನು ಆಳಂದಕ್ಕೆ ಕರೆದುಕೊಂಡು ಹೋದೆ.

ಸ್ಕ್ಯಾನ್ ಬಂದ ಮೇಲೆ ಡಾಕ್ಟರಮ್ಮ, ಆಪಾ ಟವೆಲ್ ಎಳೆದದ್ದನ್ನೆಲ್ಲ ಕೇಳಿ ತಿಳಿದು, ಬಿಡಿಸಿ ಹೇಳಿದರು. ಬಿದ್ದಾಗಲೇ ಭುಜದ ಸ್ನಾಯು ಸ್ವಲ್ಪ ಹರಿದಿತ್ತು. ಆಗ ಬೇಕಿದ್ದದ್ದು ವಿಶ್ರಾಂತಿ. ಎಳೆದೆಳೆದು ಪೂರ್ತಿ ಹರಿದಿದೆ. ಈಗ ಕಲಬುರಗಿಗೆ ಹೋಗಿ ಆಪರೇಷನ್ ಮಾಡಿಸಬೇಕು, ಮಾಡಿಸಿದರೂ ಮೊದಲಿನ ಹಾಗೆ ಹೊಲಿಯುವ ಖಾತ್ರಿ ಇಲ್ಲ.

"ಇದು ಬಿಗಿದ ಭುಜಕ್ಕ ಹೇಳೋ ವ್ಯಾಯಾಮ. ನಿಮಗ್ಯಾರ್ ಹೇಳಿದ್ರು?"

"ಫೋನಿನಾಗ ನೋಡಿ ಮಾಡೇನ್ರಿ," ಎಂದರು ಆಪಾ, ನನ್ನ ಕಡೆ ನೋಡದೆ.

ಡಾಕ್ಟರಮ್ಮ ಚೆನ್ನಾಗಿ ಬೈದರು. ನನಗೆ ಬರಬೇಕಾದ ಬೈಗುಳವನ್ನು ಆಪಾ ತಲೆ ತಗ್ಗಿಸಿ ತಿನ್ನುತ್ತಿದ್ದರು.

"ಅವರಲ್ರಿ, ನಾನ್ರಿ ಹೇಳಿದ್ದು," ಎಂದು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿಬಿಟ್ಟೆ. ಬಲಗೈ. ಒಂದಿಷ್ಟೂ ನೋವಿಲ್ಲದೆ ಕಿವಿ ದಾಟಿ ನೆಟ್ಟಗೆ ಮೇಲೆ ಹೋಯಿತು. ಆಪಾ ಅದನ್ನೇ ನೋಡುತ್ತ ಕೂತರು.