ನನಗಿಲ್ಲದ ಸೂತಕ

ನನ್ನ ಜೊತೆಗಾತಿಯನ್ನು ಇನ್ನೂ ಜಗಲಿಯಿಂದ ಎತ್ತಿರಲಿಲ್ಲ, ಅಷ್ಟರಲ್ಲೇ ಯಾರಿಗೆ ಸೂತಕ, ಯಾರಿಗಿಲ್ಲ ಅನ್ನೋ ಮಾತು ಶುರುವಾಯ್ತು. ಆಲ್ದೂರಿನ ದಾಯಾದಿಗಳಿಗೆ ಇದೆ. ಕಳಸದ ಚಿಕ್ಕಪ್ಪನ ಮಕ್ಕಳಿಗೆ ಇದೆ. ಅವಳು ಆಸ್ಪತ್ರೆಯಲ್ಲಿ ನರಳುವಾಗ ಒಂದು ಫೋನೂ ಮಾಡದ ಮಹಾನುಭಾವರು. ನನಗೆ ಇಲ್ಲ. "ಟೀಚರ್ರೇ, ನೀವು ಹೊರಗಿನವರು, ನಿಮಗೇನೂ ಅಂಟಲ್ಲ ಬಿಡಿ," ಅಂದ್ರು ಅವಳ ಅಣ್ಣ, ನನಗೇನೋ ಉಪಕಾರ ಮಾಡಿದವರ ಹಾಗೆ.

ಹೊರಗಿನವಳಂತೆ! ಬಾಳೂರಿನ ಶಾಲೆಗೆ ವರ್ಗವಾಗಿ ಬಂದಾಗ ಅವಳ ಮನೆಯ ಪಕ್ಕದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ವರ್ಷ ತುಂಬೋದರೊಳಗೆ ಆ ಕೋಣೆಗೆ ಕಾಳುಮೆಣಸಿನ ಮೂಟೆಗಳು ಬಂದವು, ನಾನು ಒಳಮನೆಗೆ ಹೋದೆ. ರಿಟೈರ್ ಆದ ಮೇಲೂ ಅಲ್ಲಿಂದ ಕದಲಲಿಲ್ಲ. ಅವಳ ಪಾಲಿಗೆ ಬಂದ ತೋಟವನ್ನು ಇಬ್ಬರೂ ಸೇರಿ ನೋಡಿಕೊಂಡೆವು, ಕಣದಲ್ಲಿ ಕಾಫಿ ಹರವುತ್ತಾ ಜಗಳವಾಡಿದೆವು, ಒಂದೇ ಮಂಚದಲ್ಲಿ ಮಲಗಿ ಮುದುಕಿಯರಾದೆವು. ಗಂಡ ಹೆಂಡಿರಿಗಿಂತ ಯಾವುದರಲ್ಲೂ ಕಮ್ಮಿ ಇರಲಿಲ್ಲ ನಾವು. ಊರಿಗೆ ಗೊತ್ತಿರಲಿಲ್ಲ ಅಂದ್ರೆ ನಾನು ನಂಬಲ್ಲ. ಗೊತ್ತಿತ್ತು. "ಪಾಪ, ಒಂಟಿ ಹೆಂಗಸರು, ಒಬ್ಬರಿಗೊಬ್ಬರು ಆಸರೆ" ಅಂತ ಅಂದುಕೊಂಡು ಸುಮ್ಮನಿದ್ದರು.

ಚಿಕ್ಕಮಗಳೂರಿಂದ ಬಂದ ಅಣ್ಣ, ಅತ್ತಿಗೆ ಮನೆಯ ಯಜಮಾನಿಕೆ ವಹಿಸಿಕೊಂಡರು. ಸೂತಕದವರು ದೇವರ ದೀಪ ಮುಟ್ಟೋ ಹಾಗಿಲ್ಲ. ಆ ಮನೆಯಲ್ಲಿ ಸಂಜೆಯ ದೀಪ ತಪ್ಪಿಸೋ ಹಾಗೂ ಇಲ್ಲ. ಸಿಕ್ಕಿದೆನಲ್ಲ ನಾನು! ದಿನಾ ಅತ್ತಿಗೆ ದೇವರ ಮನೆಯ ಹೊಸಿಲಾಚೆ ನಿಂತು, "ಟೀಚರ್ರೇ, ಹೊತ್ತಾಯ್ತು" ಅನ್ನೋರು. ನಾನು ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ಹಚ್ಚುತ್ತಿದ್ದೆ. ಕಣ್ಣು ತುಂಬಿದರೆ, "ದೇವರ ಮುಂದೆ ಅಳಬೇಡಿ" ಅಂತ ಬುದ್ಧಿವಾದ ಬೇರೆ. ಹೊರಗೆ ಜಗಲಿಯ ಚಾಪೆ ಮೇಲೆ ದಾಯಾದಿಗಳು ಸಾಲಾಗಿ ಕೂತಿರೋರು. ಬಂದವರೆಲ್ಲ ಅವರ ಕೈ ಹಿಡಿದು ಸಮಾಧಾನ ಹೇಳೋರು, ಆಮೇಲೆ ಒಳಗೆ ಇಣುಕಿ ನನ್ನ ಹತ್ರ ನೀರು ಕೇಳೋರು. ಮೈಯೆಲ್ಲ ಉರಿದುಹೋಗುತ್ತಿತ್ತು.

ನಿದ್ದೆ ಬಿಟ್ಟುಹೋಯ್ತು. ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಎದೆ ಸುಮ್ಮಸುಮ್ಮನೆ ಡವಡವ ಅನ್ನೋದು. ಹುಚ್ಚು ಹಿಡಿಯುತ್ತೇನೋ ಅನ್ನಿಸಿ ಜೀಪು ಹತ್ತಿ ಮೂಡಿಗೆರೆಯ ಡಾಕ್ಟರ್ ಹತ್ರ ಹೋದೆ.

"ಮನೇಲಿ ಸಾವುಗೀವು ಏನಾದ್ರೂ ಆಯ್ತಾ ಅಮ್ಮಾ?"

"ಸ್ನೇಹಿತೆ ತೀರಿಕೊಂಡಳು," ಅಂದೆ.

"ಓ, ಸ್ನೇಹಿತೆನಾ," ಅಂದು ಮಾತ್ರೆ ಬರೆದರು. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ. ದೇವರ ಧ್ಯಾನ ಮಾಡಿ."

ಅಲ್ಲ, ಸಂಜೆಯಾದರೆ ನಾನು ಮಾಡ್ತಿದ್ದದ್ದು ಮತ್ತೇನು? ದುಃಖಪಡೋಕೂ ರೇಷನ್ ಕಾರ್ಡಿನಲ್ಲಿ ಹೆಸರಿರಬೇಕು ಅಂತ ಕಾಣುತ್ತೆ. ಮಾತ್ರೆ ತಗೊಂಡು ಬಂದೆ. ನಿದ್ದೆ ಮಾತ್ರ ಬರಲಿಲ್ಲ.

ಮರುದಿನ ಅಣ್ಣ ಒಂದು ಬೆಳ್ಳಿಯ ಕುಂಕುಮದ ಭರಣಿ ಹಿಡಿದು ಬಂದರು. "ನಾಳೆ ಬೀಗರ ಕಡೆ ಮದುವೆ ಇದೆ. ನಾವು ಸೂತಕದವರು, ಹೋಗೋ ಹಾಗಿಲ್ಲ. ಮನೆ ಪರವಾಗಿ ಒಬ್ಬರಾದ್ರೂ ಹೋಗ್ಬೇಕಲ್ಲ? ನೀವು ಒಳ್ಳೇ ಸೀರೆ ಉಟ್ಟು ಹೋಗಿ, ಇದನ್ನ ಕೊಟ್ಟು, ಊಟ ಮಾಡ್ಕೊಂಡು ಬನ್ನಿ."

ಮದುವೆ ಊಟಕ್ಕೆ ನಾನು ಮನೆಯವಳು. ಅಳೋಕೆ ಹೊರಗಿನವಳು. ಥೂ!

ಭರಣಿಯನ್ನು ಅವರ ಕೈಗೇ ವಾಪಸ್ ಇಟ್ಟೆ. "ನಾನೂ ಹೋಗೋ ಹಾಗಿಲ್ಲ. ನನಗೂ ಸೂತಕ."

"ನಿಮಗೆಂಥ ಸೂತಕ ಮಾರಾಯ್ರೆ?" ಅಂದ್ರು ಅವರು, ನಗುತ್ತಾ.

"ನನ್ನ ಮಗ್ಗುಲಲ್ಲಿ ಮಲಗ್ತಿದ್ದೋಳು ಸತ್ತಿದ್ದಾಳೆ. ಇನ್ನೂ ಬಿಡಿಸಿ ಹೇಳ್ಬೇಕಾ?"

ಚಾಪೆ ಮೇಲಿದ್ದವರೆಲ್ಲ ತಲೆ ತಗ್ಗಿಸಿದರು. ಅಣ್ಣ ಕಣದ ಕಡೆ ನೋಡುತ್ತಾ ನಿಂತರು. 

ಸಂಜೆ ಅತ್ತಿಗೆ ರೂಢಿಯಂತೆ, "ಟೀಚರ್ರೇ, ಹೊತ್ತಾ..." ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ಏಳಲಿಲ್ಲ. ಜಗಲಿಯ ಚಾಪೆ ಮೇಲೆ, ದಾಯಾದಿಗಳ ಪಕ್ಕದಲ್ಲೇ, ಕಾಲು ಚಾಚಿ ಕೂತಿದ್ದೆ. ದೇವರ ಮನೆ ಕತ್ತಲಾಯ್ತು. ಆಗ ಬಿಕ್ಕಿ ಬಿಕ್ಕಿ, ಅವಳನ್ನು ನಾನು ಮಾತ್ರ ಕರೆಯುತ್ತಿದ್ದ ಹೆಸರು ಹಿಡಿದು ಕೂಗಿ ಅತ್ತೆ. ಅಳಬೇಡಿ ಅಂತ ಆವತ್ತು ಯಾರೂ ಹೇಳಲಿಲ್ಲ.