ಗದಿಗೆಪ್ಪನ ನಾಲ್ಕನೆಯ ಬತ್ತಳಿಕೆ

ಅಮೆರಿಕದ ಸೌತ್‌ಫೀಲ್ಡ್‌ನಲ್ಲಿದ್ದ ಗದಿಗೆಪ್ಪ ತಳವಾರನ ಗರಾಜಿನಲ್ಲಿ ಮೂರು ಬತ್ತಳಿಕೆಗಳು ಮೊಳೆಗೆ ನೇತಾಡುತ್ತಿದ್ದವು. ಜಿಂಕೆ ಮಾತ್ರ ಒಂದೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಬಿಲ್ಲು ಹಿಡಿದು ಕಾಡಿಗೆ ಹೋಗುವುದು, ಬರಿಗೈಯಲ್ಲಿ ಬರುವುದು, ಬಂದು ಬತ್ತಳಿಕೆಯನ್ನು ಬೈಯುವುದು, ಹೀಗೆ ಆರು ವರ್ಷ ಕಳೆದಿದ್ದವು. ಅವನ ಹೆಂಡತಿ ವಾಣಿಶ್ರೀ ಸೆಪ್ಟೆಂಬರ್ ಬಂತೆಂದರೆ ಮಾಂಸಕ್ಕೆಂದು ಫ್ರೀಜರ್‌ನ ಒಂದು ಖಾನೆ ಖಾಲಿ ಮಾಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ತುಟಿ ಪಿಟ್ಟೆನ್ನದೆ ಅಲ್ಲಿ ಮತ್ತೆ ಬಟಾಣಿಯ ಚೀಲಗಳನ್ನು ಪೇರಿಸುತ್ತಿದ್ದಳು.

ಈ ಗೀಳು ಹಚ್ಚಿದವನು ಸ್ಟ್ಯಾನ್. ಗದಿಗೆಪ್ಪನ ಕಂಪನಿಯಲ್ಲೇ ಕಾರಿನ ಬಿಡಿಭಾಗಗಳ ಅಚ್ಚುಗಳನ್ನು ನಲವತ್ತು ವರ್ಷ ಕೈಯಾರೆ ತಿದ್ದಿ ತೀಡಿ ನಿವೃತ್ತನಾದ ಮುದುಕ. ಗದಿಗೆಪ್ಪ ಅದೇ ಅಚ್ಚುಗಳನ್ನು ಕಂಪ್ಯೂಟರಿನಲ್ಲಿ ಬರೆಯುವ ಎಂಜಿನಿಯರ್. ಸ್ಟ್ಯಾನ್‌ನದು ಈಗಿನ ಬಿಲ್ಲುಗಳಿಗಿರುವ ಗಾಲಿ, ದುರ್ಬೀನು ಯಾವುದೂ ಇಲ್ಲದ, ಒಂದು ಮರದ ಪಟ್ಟಿ ಮತ್ತು ಒಂದು ಹೆದೆಯ ಬಿಲ್ಲು. ಅದನ್ನು ಒಮ್ಮೆ ಎಳೆದು ನೋಡಿದ ಗದಿಗೆಪ್ಪ ಆ ವಾರವೇ ಅಂಥದ್ದೊಂದನ್ನು ಕೊಂಡು ತಂದ.

ನಿಜ ಹೇಳಬೇಕೆಂದರೆ ಅವನ ಕಣ್ಣು ಜಿಂಕೆಯ ಮೇಲಿರಲಿಲ್ಲ, ಆಯುಧಪೂಜೆಯ ಮಣೆಯ ಮೇಲಿತ್ತು. ಅವನ ಅಪ್ಪ ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಮಹಾನವಮಿಯ ದಿನ ಆತನದೊಂದು ಕಟ್ಟುನಿಟ್ಟಿನ ನಿಯಮ: ಆ ವರ್ಷ ಕೆಲಸಕ್ಕೆ ಬಂದ ಸಾಮಾನಿಗಷ್ಟೇ ಪೂಜೆ, ಉಳಿದದ್ದು ಪೆಟ್ಟಿಗೆಯಲ್ಲೇ ಇರಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ರುದ್ರಮ್ಮ ಸೀರೆಗಳ ನಡುವೆ ಆತನ ಸ್ಪ್ಯಾನರ್ ಇಟ್ಟುಕೊಂಡು ಮಿಷಿಗನ್ನಿಗೆ ಬಂದಳು. ನಿಯಮವೂ ಜೊತೆಗೇ ಬಂತು. ನವಮಿಗೆ ಒಂದು ವಾರ ಮುಂಚೆ ಆಕೆ ಅದೇ ಸ್ಪ್ಯಾನರಿನಿಂದ ಊಟದ ಕುರ್ಚಿಗಳ ಬೋಲ್ಟುಗಳನ್ನೆಲ್ಲ ಬಿಗಿ ಮಾಡುತ್ತಿದ್ದಳು. ಹೀಗೆ ಸ್ಪ್ಯಾನರ್ ವರ್ಷವೂ ದುಡಿದು ಪೂಜೆಗೆ ಕೂರುತ್ತಿತ್ತು, ಪಕ್ಕದಲ್ಲಿ ಈಳಿಗೆ, ಕಾರಿನ ಕೀಲಿ, ನರ್ಸ್ ಆಗಿದ್ದ ವಾಣಿಶ್ರೀಯ ಸ್ಟೆತಸ್ಕೋಪು.

ಗದಿಗೆಪ್ಪನ ಲ್ಯಾಪ್‌ಟಾಪಿಗೂ ಕುಂಕುಮ ಸಿಗುತ್ತಿತ್ತು. ಅದರಿಂದ ಅವನಿಗೆ ಸಮಾಧಾನವಿರಲಿಲ್ಲ. "ನಮ್ಮ ಗದಿಗ್ಯಾಂದು ಕೈಗೆ ಎಣ್ಣಿ ಹತ್ತಲಾರದ ಕೆಲಸ" ಎಂದು ಅಪ್ಪ ಮಂದಿಯೆದುರು ನಕ್ಕಿದ್ದ. ಆ ನಗು ಮಗನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅಪ್ಪನ ಸ್ಪ್ಯಾನರಿನ ಪಕ್ಕದಲ್ಲಿ ತನ್ನ ಕೈ ದುಡಿದದ್ದಕ್ಕೆ ಸಾಕ್ಷಿಯಾಗಿ ಬಿಲ್ಲು ಕೂರಬೇಕು, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಬೇಕಾದದ್ದು ಇಷ್ಟೇ. ದಿನಾ ಹಿತ್ತಲಲ್ಲಿ ಗುರಿಗೆ ಹೊಡೆಯುತ್ತೇನಲ್ಲ ಎಂದರೆ ರುದ್ರಮ್ಮ ಒಪ್ಪುತ್ತಿರಲಿಲ್ಲ. "ಹುಲ್ಲಿನ ಪೆಂಡಿಗೆ ಹೊಡಿಯೂದು ಆಟ ಆತು. ಕೆಲಸ ಎಲ್ಲಾತು?"

ಆದರೆ ಬತ್ತಳಿಕೆ ಬಿಡಬೇಕಲ್ಲ! ಮೊದಲನೆಯದು ಬೆನ್ನಿಗೆ ಕಟ್ಟುವ ಚರ್ಮದ್ದು, ಕ್ಯಾಲೆಂಡರಿನ ರಾಮನ ಬೆನ್ನ ಮೇಲಿರುವಂಥದ್ದು. ನಡೆದರೆ ಬಾಣಗಳು ಕಟಕಟ ಎನ್ನುತ್ತಿದ್ದವು. ಬಿದ್ದ ಮರದ ಕೆಳಗೆ ಬಗ್ಗಿದಾಗ ಆರಕ್ಕೆ ಆರೂ ತಲೆಯ ಮೇಲಿಂದ ಸುರಿದವು. ಎರಡನೆಯದನ್ನು ಬಿಲ್ಲಿಗೇ ಬಿಗಿಯಬೇಕು, ಬಿಲ್ಲು ಒಂದು ಕಡೆ ವಾಲಿ ಕೈ ನಡುಗುತ್ತಿತ್ತು. ಮೂರನೆಯದು ಸೊಂಟದ್ದು, ಕಂಡಕಂಡ ಪೊದೆಗೆಲ್ಲ ಸಿಕ್ಕಿಕೊಳ್ಳುವುದೇ ಅದರ ಕಸುಬು.

ಕಳೆದ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯದನ್ನು ಕೊಳ್ಳಲು ಹೊರಟಾಗ ವಾಣಿಶ್ರೀ ಡ್ಯೂಟಿಯಲ್ಲಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ರುದ್ರಮ್ಮ ಸೀರೆಯ ಮೇಲೆ ಜಾಕೆಟ್ ಹಾಕಿ, ಶೂ ಏರಿಸಿ ಕಾರು ಹತ್ತಿದಳು. ಬಿಲ್ಲಿನ ಅಂಗಡಿಯಲ್ಲಿ ಸ್ಟ್ಯಾನ್ ಮೊದಲೇ ಬಂದು ಕಾಯುತ್ತಿದ್ದ. ಗದಿಗೆಪ್ಪ ಒಂದೊಂದೇ ಬತ್ತಳಿಕೆಯ ಹೊಲಿಗೆ, ಬೆಲ್ಟು, ಬಕಲ್ ಪರೀಕ್ಷಿಸುತ್ತ ಒಂದು ಗಂಟೆ ಕಳೆದ. ರುದ್ರಮ್ಮನಿಗೆ ತಡೆಯಲಾಗಲಿಲ್ಲ.

"ಇವೆಲ್ಲಾ ಯಾತಕ ಬೇಕಪಾ ನಿನಗ? ಬಾಣ ಬೀಳಬಾರದು, ಸಪ್ಪಳಾಗಬಾರದು, ಹೌದಲ್ಲೋ?" ಎಂದು ಎದ್ದು ಬಂದಳು. ಪ್ರತಿಯೊಂದರಲ್ಲೂ ಬಾಣ ತುಂಬಿಸಿ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ತಲೆಕೆಳಗು ಮಾಡಿದಳು. ಗರಿಗಳ ಮೇಲೆ ಮುಚ್ಚಳವಿದ್ದ, ನೀಳ ಕೊಳವೆಯಂಥ ಒಂದರಿಂದ ಬಾಣ ಬೀಳಲಿಲ್ಲ. ಸದ್ದು ಮಾತ್ರ ಸ್ವಲ್ಪ ಬಂತು. "ಇದನ್ನ ತಗೋ. ಸಪ್ಪಳದ್ದು ನಾ ನೋಡ್ಕೋತೀನಿ."

ಸ್ಟ್ಯಾನ್ ಟೋಪಿ ತೆಗೆದು ಆಕೆಗೆ ತಲೆಬಾಗಿದ. "ಆರು ವರ್ಷದ ಹಿಂದೆಯೇ ಇವರನ್ನು ಕರೆತರಬೇಕಿತ್ತು" ಎಂದ.

ಮನೆಗೆ ಬಂದದ್ದೇ ರುದ್ರಮ್ಮ ಊರಿನಿಂದ ತಂದಿದ್ದ ಕಂಬಳಿಯ ಅಂಚು ಕತ್ತರಿಸಿ ಬತ್ತಳಿಕೆಯ ಒಳಗೂ ತಳಕ್ಕೂ ಹೊಲಿದಳು. ಗದಿಗೆಪ್ಪ ಅದನ್ನು ಬೆನ್ನಿಗೇರಿಸಿ ಗರಾಜಿನಲ್ಲಿ ಕುಣಿದು ನೋಡಿದ. ಸದ್ದೇ ಇಲ್ಲ. ಅವನಿಗೆ ಖುಷಿಯಾಗಬೇಕಿತ್ತು. ಆದರೆ ಅವನು ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ಹುಡುಕತೊಡಗಿದ.

ಆ ವರ್ಷ ಮಹಾನವಮಿಯೂ ಬಿಲ್ಲಿನ ಬೇಟೆಯ ಮೊದಲ ದಿನವೂ ಒಟ್ಟಿಗೇ ಬಂದವು. ಗದಿಗೆಪ್ಪ ರಜೆ ಹಾಕಿ, ನಸುಕಿನಲ್ಲೇ ಎದ್ದು, ಉತ್ತರಕ್ಕೆ ಅರವತ್ತು ಮೈಲಿ ಡ್ರೈವ್ ಮಾಡಿ, ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತ. ಎಂಟು ಗಂಟೆಯ ಸುಮಾರಿಗೆ ಹೆಣ್ಣು ಜಿಂಕೆಯೊಂದು ಬಂತು. ಹದಿನೈದು ಗಜವೂ ಇರಲಿಲ್ಲ, ತಲೆ ತಗ್ಗಿಸಿ ಓಕ್ ಕಾಯಿ ತಿನ್ನುತ್ತಿತ್ತು. ಅವನು ಕೈ ಹಿಂದೆ ಚಾಚಿ, ಮುಚ್ಚಳ ಸರಿಸಿ ಬಾಣ ಎಳೆದ. ಕಂಬಳಿ ತನ್ನ ಮಾತು ಉಳಿಸಿಕೊಂಡಿತು, ಜಿಂಕೆಯ ಕಿವಿ ಸಹ ಅಲುಗಲಿಲ್ಲ. ಹೆದೆಗೆ ಬಾಣ ಹೂಡಿದ. ಗಾಳಿ ಎದುರಿನಿಂದ ಬೀಸುತ್ತಿತ್ತು, ಅಡ್ಡ ಒಂದು ಕಡ್ಡಿಯೂ ಇರಲಿಲ್ಲ. ಬೈಯಲು ಏನೂ ಉಳಿದಿರಲಿಲ್ಲ.

ಅರ್ಧ ಎಳೆದ ಕೈ ಅಲ್ಲೇ ನಿಂತಿತು. ಜಿಂಕೆ ಅಗಿಯುವ ಸದ್ದು ಕೇಳಿಸುತ್ತಿತ್ತು. ತನ್ನಿಂದ ಇದು ಆಗುವುದಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಗೊತ್ತಾಯಿತು ಎನ್ನುವುದೂ ಸುಳ್ಳು, ಆರು ವರ್ಷದಿಂದ ಗೊತ್ತೇ ಇತ್ತು. ಸೊಂಟದ ಬತ್ತಳಿಕೆ ಪೊದೆಗೆ ಸಿಕ್ಕಿಕೊಂಡಾಗಲೆಲ್ಲ ಒಳಗೊಳಗೇ ಅವನು ಬದುಕಿದೆಯಾ ಬಡಜೀವವೇ ಎಂದುಕೊಂಡಿದ್ದ. ಅವನು ಹೆದೆಯನ್ನು ಮೆಲ್ಲಗೆ ಸಡಿಲಿಸಿ ಬಾಣವನ್ನು ಬತ್ತಳಿಕೆಗೆ ಮರಳಿಸಿದ. ಜಿಂಕೆಗೆ ಅದೂ ಕೇಳಿಸಲಿಲ್ಲ. ತಿಂದು ಮುಗಿಸಿ ತನ್ನ ಪಾಡಿಗೆ ತಾನು ಹೋಯಿತು.

ಮಧ್ಯಾಹ್ನ ಮನೆಗೆ ಬಂದಾಗ ರುದ್ರಮ್ಮ ಮಣೆಯ ಮುಂದೆ ರಂಗೋಲಿ ಹಾಕುತ್ತಿದ್ದಳು. ವಾಣಿಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಈ ಸಲನೂ ಓಡಿಹೋತೇನ್ರಿ?" ಎಂದಳು.

"ಓಡಲಿಲ್ಲ. ಮುಂದ ನಿಂತಿತ್ತು. ನನ್ನ ಕೈಲೇ ಆಗಲಿಲ್ಲ" ಎಂದ ಗದಿಗೆಪ್ಪ. "ಅವ್ವಾ, ಯಾವತ್ತೂ ಆಗಾಂಗಿಲ್ಲ. ಸುಮ್ನ ಬತ್ತಳಿಕಿ ಮ್ಯಾಲ ಹಾಕ್ತಿದ್ದೆ. ಅಪ್ಪ ಅಂದಿದ್ದು ಖರೇನ ಐತಿ, ಈ ಕೈ ಕೆಲಸದ ಕೈ ಅಲ್ಲ."

ರುದ್ರಮ್ಮ ರಂಗೋಲಿಯ ಕೈ ಒರೆಸಿಕೊಂಡು ಎದ್ದಳು. ಅವನ ಬೆನ್ನಿನಿಂದ ಬತ್ತಳಿಕೆ ಬಿಚ್ಚಿ, ಅಂಟಿದ್ದ ಎಲೆ ತೆಗೆದು, ಒಳಗಿನ ಬಾಣಗಳನ್ನು ಎಣಿಸಿದಳು. ಆರೂ ಇದ್ದವು. ಅದನ್ನು ತಂದು ಮಣೆಯ ಮೇಲೆ ಸ್ಪ್ಯಾನರಿನ ಪಕ್ಕಕ್ಕಿಟ್ಟಳು.

"ಏ ಅವ್ವಾ, ಬ್ಯಾಡ. ಅದು ಕೆಲಸಕ್ಕ ಬಂದಿಲ್ಲ."

"ಬತ್ತಳಿಕಿ ಕೆಲಸ ಏನಪಾ? ಬಾಣ ಕಾಯೂದು. ಕಾದೈತಿ. ಹೊರಗ ತಗದ ಬಾಣಾನೂ ತಿರುಗಿ ಒಳಗ ಇಟ್ಕೊಂಡೈತಿ. ಅದನ್ನ ಇಟ್ಟಿದ್ದು ಯಾರ ಕೈ?"

ಗದಿಗೆಪ್ಪ ತನ್ನ ಅಂಗೈ ನೋಡಿಕೊಂಡ. "ಮತ್ತ ಬಿಲ್ಲು?" ಎಂದ.

"ಅದು ಗರಾಜಿನ್ಯಾಗ ಇರ್ಲಿ. ನಿಮ್ಮಪ್ಪನ ರೂಲ್ ಅಂದ್ರ ರೂಲ್."

ಬತ್ತಳಿಕೆಯ ಮುಚ್ಚಳಕ್ಕೆ ಆಕೆ ಕುಂಕುಮವಿಟ್ಟಳು. ಗದಿಗೆಪ್ಪ ಅಲ್ಲೇ ನೆಲದ ಮೇಲೆ ಕೂತು, ಚಿಕ್ಕ ಮಕ್ಕಳ ಹಾಗೆ ಮೊಣಕಾಲಿಗೆ ಮುಖ ಒತ್ತಿ ಅತ್ತ. ವಾಣಿಶ್ರೀ ಒಳಗೆ ಹೋದಳು. ಫ್ರೀಜರ್ ತೆರೆದ ಸದ್ದು ಕೇಳಿತು. ಆ ವರ್ಷ ಬಟಾಣಿ ತನ್ನ ಖಾನೆಗೆ ಮರಳಲು ದೀಪಾವಳಿಯವರೆಗೆ ಕಾಯಲಿಲ್ಲ.